ಬೇಕ್ ಮಾಡಿದ ಜೋಗದ ತುಂತುರು ಬೆಳಗಾಗುವಷ್ಟರಲ್ಲಿ ಮಾಯ

ತಾಳಗುಪ್ಪದವನು:
ಬ್ಲೆಂಡರ್ ಅನ್ನೋ 3ಡಿ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಜೋಗದ ರಾಜಾ ಧಾರೆ ಮಾಡ್ತಿದ್ದೇನೆ. 253 ಮೀಟರ್ ಮೇಲಿಂದ ಬೀಳೋ ನೀರು, ಬುಡದಲ್ಲಿ ಹೊಗೆ ಥರ ಏಳೋ ತುಂತುರು, ಎರಡಕ್ಕೂ ಪಾರ್ಟಿಕಲ್ಸ್, ಅಂದರೆ ಪುಟ್ಟ ಪುಟ್ಟ ಕಣಗಳು. ಚಿಕ್ಕಂದಿನಿಂದ ನೋಡಿದ ನೀರು, ಸರಿಯಾಗಿ ಬರಲೇಬೇಕು ಅಂತ ಹಟ. ಡಿಸ್ಕ್ ಕ್ಯಾಶ್ (ಲೆಕ್ಕವನ್ನು ಡಿಸ್ಕ್‌ನಲ್ಲಿ ಉಳಿಸೋ ಆಯ್ಕೆ) ಟಿಕ್ ಹಾಕಿ ರಾತ್ರಿಯಿಡೀ ಬೇಕ್ ಮಾಡಿದೆ, ಅಂದರೆ ಹನಿಗಳ ಚಲನೆಯನ್ನೆಲ್ಲ ಮೊದಲೇ ಲೆಕ್ಕ ಹಾಕಿಸಿದೆ. ಬೆಳಿಗ್ಗೆ ‘ಜೋಗ_2’ ಅಂತ ಬೇರೆ ಹೆಸರಲ್ಲಿ ಉಳಿಸಿ ತೆರೆದರೆ ಒಂದು ಹನಿಯೂ ಇಲ್ಲ! ಆಷಾಢದ ಮಳೆ, ಕರೆಂಟ್ ಪದೇ ಪದೇ ಹೋಗ್ತಿರುತ್ತೆ. ಮತ್ತೆ ಮೊದಲಿಂದ ಮಾಡೋ ಶಕ್ತಿ ಇಲ್ಲ.

ತೀರ್ಥಹಳ್ಳಿಯಿಂದ:
ಹೆಸರು ಬದಲಿಸಿದ್ದೇ ಕಾರಣ. ಡಿಸ್ಕ್ ಕ್ಯಾಶ್ ನಿಮ್ಮ ಫೈಲಿನ ಪಕ್ಕದಲ್ಲೇ ‘ಬ್ಲೆಂಡ್‌ಕ್ಯಾಶ್’ ಅಂತ ಶುರುವಾಗೋ ಫೋಲ್ಡರ್‌ನಲ್ಲಿ ಕೂರುತ್ತೆ. ಮುಂದಿನ ಭಾಗ ಫೈಲಿನ ಹೆಸರೇ. ಫೈಲಿಗೆ ಹೊಸ ಹೆಸರು ಬಂದರೆ ಅದು ಹೊಸ ಫೋಲ್ಡರ್ ಹುಡುಕುತ್ತೆ, ಸಿಗಲ್ಲ. ಹಳೆಯದು ಅಲ್ಲೇ ಇರುತ್ತೆ, ದಯವಿಟ್ಟು ಅಳಿಸಬೇಡಿ. ಅದರ ನಕಲು ತೆಗೆದು ‘ಜೋಗ_2’ಕ್ಕೆ ಹೊಂದುವಂತೆ ಹೆಸರಿಡಿ. ನಾನೂ ಹೀಗೇ ಒಂದು ವಾರದ ಕೆಲಸ ಕಳೆದುಕೊಂಡೆ ಅಂತ ಅತ್ತಿದ್ದೆ, ಆಮೇಲೆ ಸಿಕ್ಕಿತು.

ಸಾಗರದಿಂದ:
ಇನ್ನೊಂದು ಮಾತು. ಬೇಕ್ ಆಗುವ ಮೊದಲು ಟೈಮ್‌ಲೈನ್ ಮಧ್ಯಕ್ಕೆ ಹಾರಬೇಡಿ. ಪ್ರತಿ ಫ್ರೇಮಿನ ಹನಿ ಹಿಂದಿನ ಫ್ರೇಮಿನಿಂದಲೇ ಹುಟ್ಟೋದು, ಹಾರಿದರೆ ಲೆಕ್ಕ ತಪ್ಪುತ್ತೆ. ನೀರಿಗೂ ತುಂತುರಿಗೂ ಕ್ಯಾಶ್ ಹೆಸರು ಬೇರೆ ಬೇರೆ ಕೊಡಿ. ರೆಂಡರ್ (ಕೊನೆಯ ಚಿತ್ರ ತೆಗೆಯೋದು) ಬೇರೆ ಕಂಪ್ಯೂಟರ್‌ನಲ್ಲಿ ಮಾಡೋದಾದರೆ ಫೋಲ್ಡರೂ ಜೊತೆಗೆ ಹೋಗಬೇಕು.

ತಾಳಗುಪ್ಪದವನು:
ಫೋಲ್ಡರ್ ಹೆಸರು ಬದಲಿಸಿದೆ, ತುಂತುರು ಪೂರ್ತಿ ವಾಪಸ್ ಬಂತು! ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ರಾಣಿ ಧಾರೆ ಶುರು ಮಾಡ್ತೀನಿ.