'ಕ್ಲಾ ಯುವರ್ ವೇ ಟು ದ ಟಾಪ್': ಸನ್ಮಾನ ಪತ್ರಕ್ಕೆ ಹಾಕಬಹುದಾ?

ಮಂಡಕ್ಕಿ_ಮಿರ್ಚಿ, ದಾವಣಗೆರೆ:
ಹತ್ತಿ ಗಿರಣಿಗೆ ಕೂಲಿಯಾಗಿ ಸೇರಿ ಮೇಸ್ತ್ರಿಯಾಗಿ ನಿವೃತ್ತರಾದವರಿಗೆ ಇಂಗ್ಲಿಷ್ ಸನ್ಮಾನ ಪತ್ರ. 'ಹೀ ಕ್ಲಾಡ್ ಟು ದ ಟಾಪ್' ಅಂತ ಬರೆದಿದೀನಿ. ಸರೀನಾ? ಕ್ಲಾ ಅಂದ್ರೆ ಉಗುರು ತಾನೆ?

ಕೋಟೆ_ಮೆಟ್ಟಿಲು, ಚಿತ್ರದುರ್ಗ:
ಉಗುರೇ. ಆದ್ರೆ ಬೆಕ್ಕು, ಹದ್ದು, ಉಡದ್ದು, ಮನುಷ್ಯರದ್ದು ನೇಲ್. ಇಲ್ಲಿ ಅದು ಕ್ರಿಯಾಪದ. ಹಿಡಿತಕ್ಕೇನೂ ಸಿಗದ ಬಂಡೆಗೆ ಉಗುರು ಊರಿ ಒಂದು ಗೇಣು ಹತ್ತೋದು, ಅರ್ಧ ಗೇಣು ಜಾರೋದು, ಮತ್ತೆ ಹತ್ತೋದು, ಆ ಚಿತ್ರ.

ನಿಮ್ಮ ವಾಕ್ಯದಲ್ಲಿ 'ಹಿಸ್ ವೇ' ಬಿಟ್ಟುಹೋಗಿದೆ. 'ಕ್ಲಾಡ್ ಹಿಸ್ ವೇ ಟು ದ ಟಾಪ್' ಆಗಬೇಕು. ಕರ್ತೃ ಬದಲಾದಂಗೆ ಮೈ, ಹರ್, ದೇರ್ ಆಗುತ್ತೆ. ನಿಘಂಟಿನ 'ಯುವರ್' ಅನ್ನೇ ಎಲ್ಲ ಕಡೆ ಅಂಟಿಸಬೇಡಿ. ಕೊನೇಲಿ ದಿಕ್ಕು ಹೇಳೋ ಪದ ಬೇಕೇ ಬೇಕು: ಬಡತನದಿಂದ ಮೇಲೆದ್ದರೆ 'ಔಟ್ ಆಫ್ ಪಾವರ್ಟಿ', ಸೋತು ಮತ್ತೆ ಬಂದರೆ 'ಬ್ಯಾಕ್'.

ಆದ್ರೂ ಸನ್ಮಾನ ಪತ್ರಕ್ಕೆ ಬೇಡ ಮಾರಾಯ್ರೆ. ಈ ಮಾತಲ್ಲಿ ಪರಚಾಟದ ವಾಸನೆ ಇದೆ. ಪಕ್ಕದವರನ್ನ ತುಳಿದು ಬಂದ್ರು ಅಂತಲೂ ಓದ್ಕೋಬಹುದು. ಮೇಸ್ತ್ರಿ ಹುದ್ದೆಗೆ 'ಟಾಪ್' ಅನ್ನೋದೂ ಅತಿಯಾಯ್ತು. 'ವರ್ಕ್ಡ್ ಹಿಸ್ ವೇ ಅಪ್ ಫ್ರಮ್ ದ ಶಾಪ್ ಫ್ಲೋರ್' ಸಾಕು. (ಶಾಪ್ ಫ್ಲೋರ್ ಅಂದ್ರೆ ಅಂಗಡಿ ಅಲ್ಲ, ಗಿರಣೀಲಿ ಕೂಲಿಗಳು ಕೆಲಸ ಮಾಡೋ ಜಾಗ.)

ಬೆಣ್ಣೆ_ಖಾಲಿ:
'ಪುಲ್ಡ್ ಹಿಮ್‌ಸೆಲ್ಫ್ ಅಪ್ ಬೈ ಹಿಸ್ ಬೂಟ್‌ಸ್ಟ್ರ್ಯಾಪ್ಸ್' ಇನ್ನೂ ಗತ್ತಾಗಿರುತ್ತಲ್ಲ?

ಕೋಟೆ_ಮೆಟ್ಟಿಲು:
ಗತ್ತೇನೋ ಇದೆ. ಬೂಟ್‌ಸ್ಟ್ರ್ಯಾಪ್ ಅಂದ್ರೆ ಬೂಟಿನ ಮೇಲಂಚಿಗೆ, ಎಳೆದು ಹಾಕ್ಕೊಳ್ಳೋಕೆ ಹೊಲಿದಿರೋ ಪಟ್ಟಿ. ಅದನ್ನ ಹಿಡ್ಕೊಂಡು ನಮ್ಮನ್ನ ನಾವೇ ಎತ್ತೋಕಾಗುತ್ತಾ? 1834ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಈ ಮಾತು ಬಂದಿದ್ದು ಆಗದ ಹೋಗದ ಕೆಲಸವನ್ನ ಗೇಲಿ ಮಾಡೋಕೆ. 'ಸ್ವಂತ ಬಲದಿಂದ ಮೇಲೆ ಬರೋದು' ಅನ್ನೋ ಅರ್ಥ ಹತ್ತಿದ್ದು ಆಮೇಲೆ. (ಕಂಪ್ಯೂಟರ್ 'ಬೂಟ್' ಆಗೋದೂ ಇದೇ ಪಟ್ಟಿಯಿಂದ.) ಯಾರ ನೆರವೂ ಇರಲಿಲ್ಲ ಅನ್ನೋದಾದ್ರೆ ಮಾತ್ರ ಹಾಕಿ. ಸಂಘದವರು ಕೈಹಿಡಿದಿದ್ರೆ ಸಭೇಲೇ ಎದ್ದು ಕೇಳ್ತಾರೆ.

ಮಂಡಕ್ಕಿ_ಮಿರ್ಚಿ:
ಕನ್ನಡ ಪ್ರತಿಗೆ? 'ಉಡದ ಪಟ್ಟು' ಹಾಕ್ಲಾ?

ಏರಿ_ಹೊಲ, ಹಿರಿಯೂರು:
ಉಡದ ಪಟ್ಟು ಬಿಡದೆ ಹಿಡಿಯೋದಕ್ಕೆ. ಅದರಲ್ಲಿ ಮೇಲೆ ಹೋಗೋದಿಲ್ಲ. ಕ್ಲಾ ಅನ್ನೋದಕ್ಕೆ 'ಬಿದ್ದು ಎದ್ದು, ಏಗಿ ಮೇಲೆ ಬಂದ' ಹತ್ತಿರ. ನಿಮ್ಮ ಪತ್ರಕ್ಕೆ 'ಒಂದೊಂದೇ ಮೆಟ್ಟಿಲು ಹತ್ತಿದವರು' ಸಾಕು. ಇನ್ನೊಂದು, 'ವೇ' ಇಲ್ಲದ 'ಕ್ಲಾ ಬ್ಯಾಕ್'ಗೆ ಬೇರೆ ಅರ್ಥವೂ ಉಂಟು: ಕೊಟ್ಟ ಬೋನಸ್ಸನ್ನೋ ಸಹಾಯಧನವನ್ನೋ ವಾಪಸ್ ವಸೂಲಿ ಮಾಡೋದು. ನಿವೃತ್ತರ ಪತ್ರದಲ್ಲಿ ಅದು ನುಸುಳಿದ್ರೆ ಪಾಪ, ಪಿಂಚಣಿ ಕಿತ್ಕೊಂಡಂಗೆ ಕಾಣುತ್ತೆ.