ಅಪ್‌ಡೇಟ್: ಗಾಣದ ಬಿರುಕಿಗೆ ಸೋಲ್ಡರ್ ಅಲ್ಲ, ಹಿತ್ತಾಳೆ

ಮಂಡ್ಯದ ಬಳಿಯ ನಮ್ಮ ಆಲೆಮನೆಯಲ್ಲಿ ಕಬ್ಬಿನ ಗಾಣದ ಬೀಡು ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿದೆ, ಸೋಲ್ಡರ್ (ಬೆಸುಗೆಗೆ ಕರಗಿಸುವ ಮೆದು ಲೋಹ) ಹಾಕಿದರೆ ನಿಲ್ಲುತ್ತದೆಯೇ ಎಂದು ಕೇಳಿದ್ದೆ. ನಿಲ್ಲುವುದಿಲ್ಲ ಎಂದವರೇ ಹೆಚ್ಚು. ಕಾರಣವನ್ನೂ ಹೇಳಿದವರಿಗೆ ವಿಶೇಷ ಧನ್ಯವಾದ.

ತವರ 63, ಸೀಸ 37 ಪಾಲಿನ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬೀಡು ಕರಗಲು ಸುಮಾರು 1,200 ಬೇಕು. ಅಂದರೆ ಬೀಡು ಕರಗದು, ಸೋಲ್ಡರ್ ಬರೀ ಮೇಲ್ಮೈಗೆ ಅಂಟಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಡಕು ಬೀಡಿನೊಳಗಿನ ಗ್ರಾಫೈಟ್ ಎಂಬ ಇಂಗಾಲ. ಅದರ ಮೇಲೆ ತವರ ಹರಡಿಕೊಳ್ಳದೆ ಗುಂಡಾಗಿ ಉರುಳಿಹೋಗುತ್ತದೆ. ಹೇಗೋ ಹಿಡಿದರೂ, ಮೆದು ಲೋಹ, ಸತತ ಭಾರಕ್ಕೆ ಮೆಲ್ಲಗೆ ಜಗ್ಗುತ್ತದೆ. ಬೀಡು ಜಗ್ಗುವುದಿಲ್ಲ, ಸೀದಾ ಸೀಳುತ್ತದೆ. ಒತ್ತಡವನ್ನು ಚೆನ್ನಾಗಿ ತಡೆಯುವ ಈ ಲೋಹ ಎಳೆತಕ್ಕೆ ದುರ್ಬಲ. ಉರುಳೆಗಳು ಚೌಕಟ್ಟನ್ನು ಹೊರಕ್ಕೆ ತಳ್ಳುವಾಗ ಬೀಳುವುದು ಎಳೆತವೇ.

ಕೊನೆಗೆ ವೆಲ್ಡಿಂಗ್ ಅಂಗಡಿಯ ಯಜಮಾನರು ಬಿರುಕಿನ ತುದಿಗಳಲ್ಲಿ ಸಣ್ಣ ತೂತು ಕೊರೆದು, ಬಿರುಕನ್ನು ‘ವಿ’ ಆಕಾರಕ್ಕೆ ಉಜ್ಜಿ, ಇಡೀ ಭಾಗವನ್ನು ಕಾಯಿಸಿ ಹಿತ್ತಾಳೆ ಕಡ್ಡಿಯಿಂದ ಬ್ರೇಜಿಂಗ್ ಮಾಡಿದರು, ಅಂದರೆ ಬೀಡನ್ನು ಕರಗಿಸದೆ ಹಿತ್ತಾಳೆಯನ್ನಷ್ಟೇ ಕರಗಿಸಿ ಬೆಸೆದರು. ಥಟ್ಟನೆ ತಣಿದರೆ ಬೀಡು ಮತ್ತೆ ಸೀಳಬಹುದು, ಹಾಗಾಗಿ ಆಮೇಲೆ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟರು. ಬೇಗ ತಣಿಯಲೆಂದು ನೀರು ಚಿಮುಕಿಸಲು ಹೋದ ಹುಡುಗನಿಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂತಿಲ್ಲ.

ಗಾಣ ತಿರುಗುತ್ತಿದೆ. ಹಳದಿ ಗೆರೆಯ ಮೇಲೆ ಸದ್ಯಕ್ಕೆ ಬಣ್ಣ ಬಳಿಯುವುದಿಲ್ಲ. ಹೊಸ ಸೀಳು ಬಂದರೆ ಕಣ್ಣಿಗೆ ಬೀಳಲಿ.