ಶೇ 58.5 ಏರಿಕೆ ಅಂದರೆ ಕೈಗೆ ಬಂದದ್ದೆಷ್ಟು? (ಹಾರನಹಳ್ಳಿ ಮನೆಮಂದಿ ಗುಂಪು)

ಚಿಕ್ಕಪ್ಪ: [ಫಾರ್ವರ್ಡ್] ಜೈಲಿನ ಕೈದಿಗೆ ದಿನಕ್ಕೆ 663 ರೂ. ಕೂಲಿ!! ಕಾಯುವ ಹೆಡ್ ವಾರ್ಡರ್‌ಗೆ ಶೇ 58.5 ಸಂಬಳ ಏರಿಕೆ!! ತೆರಿಗೆ ಕಟ್ಟುವ ನೀನೇ ದಡ್ಡ. ಎಲ್ಲರಿಗೂ ಹಂಚಿ.

ಚಿಕ್ಕಪ್ಪ: ಮಂಜ, ನೀನೂ ಹೆಡ್ ವಾರ್ಡರ್ ತಾನೇ, ಪಾರ್ಟಿ ಯಾವಾಗಪ್ಪಾ 😀

ದೊಡ್ಡಮ್ಮ: ಶುಭೋದಯ 🙏🌹

ರಾಘು: ಅಪ್ಪ, ಇದು 2024ರ ಆಗಸ್ಟ್ ಸುದ್ದಿ. ಯಾರೋ ಕೈದಿ ಕೂಲಿಯನ್ನೂ ಅಂಟಿಸಿ ಮತ್ತೆ ಬಿಟ್ಟಿದ್ದಾರೆ.

ಚಿಕ್ಕಪ್ಪ: ಹಳೇದಾದರೇನು, ಸುಳ್ಳಾ? ಏಳನೇ ವೇತನ ಆಯೋಗ ಕೊಟ್ಟಿದ್ದು ಶೇ 58.5 ತಾನೇ? ನಾವು ಬ್ಯಾಂಕಿನವರು ಪಿಂಚಣಿ ಪರಿಷ್ಕರಣೆ ಮಾಡಿ ಅಂತ ಕೇಳಿ ಕೇಳಿ ಸಾಕಾಯಿತು. ಇವರಿಗೆ ಮಾತ್ರ ಒಂದೇ ಏಟಿಗೆ ಒಂದೂವರೆ ಪಟ್ಟು.

ಸುಮಾ: ಮಾವ, ನಮ್ಮ ಮನೆಯವರು ಡ್ಯೂಟಿಯಲ್ಲಿದ್ದಾರೆ, ಫೋನ್ ಒಳಗೆ ಒಯ್ಯುವ ಹಾಗಿಲ್ಲ. ಮನೆ ಲೆಕ್ಕ ಬರೆಯುವವಳು ನಾನು, ನಾನೇ ಹೇಳುತ್ತೇನೆ.

ಸುಮಾ: ಹಳೇ ಮೂಲವೇತನ 100 ರೂಪಾಯಿ ಅಂತ ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ಅದರ ಮೇಲೆ ಡಿಎ (ತುಟ್ಟಿಭತ್ಯೆ) 42.5 ಬರುತ್ತಿತ್ತು. 2023ರ ಏಪ್ರಿಲ್‌ನಿಂದ ಮಧ್ಯಂತರ ಪರಿಹಾರ ಅಂತ 17 ಬರುತ್ತಿತ್ತು. ಬೆಂಗಳೂರಿನ ಮನೆ ಬಾಡಿಗೆ ಭತ್ಯೆ 24. ಒಟ್ಟು 183.50. ಆಗಸ್ಟ್‌ನಲ್ಲಿ ಏನಾಯಿತು ಅಂದರೆ, ಡಿಎಯಲ್ಲಿ 31 ತೆಗೆದು ಮೂಲವೇತನಕ್ಕೆ ಸೇರಿಸಿದರು, ಮೇಲೆ 27.5 ಕೊಟ್ಟರು. ಇದೇ ನಿಮ್ಮ 58.5. ಆದರೆ ಆ 17 ನಿಂತುಹೋಯಿತು, ಡಿಎ ಶೇ 8.5ಕ್ಕೆ ಇಳಿಯಿತು, ಬಾಡಿಗೆ ಭತ್ಯೆ ಶೇ 24ರಿಂದ 20ಕ್ಕೆ ಬಂತು. ಎಲ್ಲ ಕೂಡಿಸಿದರೆ 203.67. ಅಂದರೆ ಏರಿದ್ದು ಶೇ 11. ಮತ್ತೆ ಅರಿಯರ್ಸ್ (ಹಿಂದಿನ ಬಾಕಿ) ಇಲ್ಲ. 2022ರ ಜುಲೈನಿಂದ ಜಾರಿ ಅನ್ನೋದು ಬರೀ ಕಾಗದದ ಮೇಲೆ, ದುಡ್ಡು ಸಿಕ್ಕಿದ್ದು 2024ರ ಆಗಸ್ಟ್ 1ರಿಂದ.

ಪ್ರೀತಿ: ಅತ್ತಿಗೆ 👏👏

ಚಿಕ್ಕಪ್ಪ: ಶೇ 11 ಕಮ್ಮೀನಾ?

ಸುಮಾ: ಕಮ್ಮಿ ಅಂತ ಯಾರು ಹೇಳಿದರು? 58.5 ಅಲ್ಲ ಅಂದೆ.

ರಾಘು: ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಲಿಲ್ಲ ನೋಡಿ. ನಮ್ಮ ಆಫೀಸಲ್ಲಿ ಎಲ್ಲರೂ ಸರ್ಕಾರಿ ನೌಕರರಿಗೆ ಬಂಪರ್ ಅಂತಲೇ ಮಾತಾಡಿಕೊಂಡಿದ್ದರು.

ಚಿಕ್ಕಪ್ಪ: ಸರಿ, ಕೈದಿ ಕೂಲಿ? ಅದೂ ಸುಳ್ಳಾ? ತಿಂಗಳಿಗೆ 26 ದಿನ ಅಂದರೆ 17 ಸಾವಿರ, ಊಟ ವಸತಿ ಪುಕ್ಕಟೆ. ನಮ್ಮ ತೋಟಕ್ಕೆ ಆಳು ಸಿಗಲ್ಲ.

ರಾಘು: 663 ತೀರಾ ನುರಿತವರಿಗೆ ಅಪ್ಪ, ಹೊಸಬರಿಗೆ 524. ಅದೂ ಶಿಕ್ಷೆಯಾಗಿ ಕೆಲಸ ಹಂಚಿದವರಿಗೆ. ಜೈಲಲ್ಲಿರುವವರಲ್ಲಿ ಜಾಸ್ತಿ ಜನ ವಿಚಾರಣಾಧೀನರು, ಅವರಿಗೆ ಈ ಕೂಲಿ ಎಲ್ಲಿಂದ ಬರಬೇಕು? ತೋಟದ ಆಳಿಗೆ ನೀವು ಎಷ್ಟು ಕೊಡುತ್ತೀರಿ ಅಂತ ಇಲ್ಲಿ ಬರೆಯಲಾ 😀

ಚಿಕ್ಕಪ್ಪ: ಬೇಡ.

ಚಿಕ್ಕಪ್ಪ: ಮಂಜ, ನೀನು ಬೇಜಾರು ಮಾಡಿಕೊಳ್ಳಬೇಡ, ಜನ ಆಡೋದನ್ನು ಹೇಳುತ್ತಿದ್ದೇನೆ. ಜೈಲು ಕೆಲಸ ಅಂದರೆ ಸಂಬಳ ಮುಟ್ಟೋದೇ ಬೇಡ ಅಂತಾರೆ. ಪರಪ್ಪನ ಅಗ್ರಹಾರದಲ್ಲಿ ದರ್ಶನ್ ಕುರ್ಚಿ ಹಾಕಿಕೊಂಡು ಸಿಗರೇಟು ಹಿಡಿದು ಕೂತ ಫೋಟೊ ಬಂತಲ್ಲ, ಜೈಲರ್‌ನಿಂದ ವಾರ್ಡರ್‌ವರೆಗೆ ಅಮಾನತು ಆಯಿತಲ್ಲ, ಅದು ಸುಮ್ನೆ ಆಯಿತಾ?

ದೊಡ್ಡಮ್ಮ: ಯಾಕಪ್ಪಾ ಬೆಳಗ್ಗೆ ಬೆಳಗ್ಗೆ ಜಗಳ

ಸುಮಾ: ಈ ಸಂದೇಶವನ್ನು ಅಳಿಸಲಾಗಿದೆ

ರಾಘು: ಅಪ್ಪ, ಮನೆಯವರ ಗುಂಪಲ್ಲಿ ಈ ಮಾತು ಬೇಕಿತ್ತಾ? ಸಂಬಳ ಸರಿಯಾಗಿ ಕೊಟ್ಟಿದ್ದರೆ ಯಾರೂ ಕೈ ಚಾಚುತ್ತಿರಲಿಲ್ಲ. ಅಷ್ಟು ಕಮ್ಮಿ ಕೊಟ್ಟು ಅಂಥ ಜಾಗದಲ್ಲಿ ನಿಲ್ಲಿಸಿದರೆ ಹಾಗೇ ಆಗೋದು.

(ರಾತ್ರಿ 8.40)

ಮಂಜಣ್ಣ: ಈಗ ನೋಡಿದೆ. ಸಂಜೆ ಎಣಿಕೆಯಲ್ಲಿ ಒಂದು ತಲೆ ವ್ಯತ್ಯಾಸ ಬಂತು. ಆಸ್ಪತ್ರೆಗೆ ಹೋಗಿದ್ದ ಬಂದಿಯ ಎಂಟ್ರಿ ಒಂದು ರಿಜಿಸ್ಟರಿನಲ್ಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಸಿಗುವವರೆಗೆ ಬ್ಯಾರಕ್ ಬ್ಯಾರಕ್ ತಿರುಗಿ ಮೊದಲಿಂದ ಎಣಿಸಿದೆವು, ಯಾರೂ ಮನೆಗೆ ಹೊರಡುವ ಹಾಗಿಲ್ಲ.

ಮಂಜಣ್ಣ: ರಾಘು, ನೀನು ನನ್ನ ಪರ ಮಾತಾಡಿದೆ, ಸಂತೋಷ. ಆದರೆ ಆ ಮಾತು ಆಡಬೇಡ. ಸಂಬಳ ಕಮ್ಮಿ, ಅದಕ್ಕೇ ಲಂಚ ಅಂದರೆ ಅದೇ ಸಂಬಳದಲ್ಲಿ ನನ್ನ ಜೊತೆ ಕೆಲಸ ಮಾಡುವವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದ ಹಾಗೆ. ಒಳಗೆ ಒಂದು ಮೊಬೈಲ್ ಸಾಗಿಸಲು ಹೊರಗಿನವರು ಆಡುವ ಮೊತ್ತ ಕೇಳಿದರೆ, ನನ್ನ ಸಂಬಳ ಎರಡು ಪಟ್ಟು ಮಾಡಿದರೂ ಅದರ ಮುಂದೆ ಏನೂ ಅಲ್ಲ. ತಿನ್ನುವವನು ಸಂಬಳದ ಲೆಕ್ಕ ನೋಡಿ ತಿನ್ನಲ್ಲ. ಚಿಕ್ಕಪ್ಪ, ಅಮಾನತು ಆಗಿದ್ದು ನಿಜ, ತಪ್ಪು ಮಾಡಿದವರಿಗೆ ಆಗಲಿ. ಆದರೆ ನನ್ನ ಸಂಬಳದ ಮಾತು ಬಂದಾಗಲೆಲ್ಲ ಆ ಫೋಟೊ ತೋರಿಸಿದರೆ ಹೇಗೆ?

ಚಿಕ್ಕಪ್ಪ: ನಿನಗೆ ಹೇಳಿದ್ದಲ್ಲಪ್ಪಾ.

ಮಂಜಣ್ಣ: ಗುಂಪಲ್ಲಿ ಜೈಲಿನವನು ನಾನೊಬ್ಬನೇ ಚಿಕ್ಕಪ್ಪ.

ಸುಮಾ: ನನ್ನದು ಇನ್ನೂ ಮುಗಿದಿಲ್ಲ. ಲೆಕ್ಕ ಸುಲಭ ಆಗಲಿ ಅಂತ ಮೂಲವೇತನ 50 ಸಾವಿರ ಅನ್ನಿ. 2025ರ ಜುಲೈನಿಂದ ಡಿಎ ಶೇ 14.25 ಆಯಿತು, ಅದು 7,125. ಬೆಂಗಳೂರಿನ ಬಾಡಿಗೆ ಭತ್ಯೆ 10 ಸಾವಿರ. ಒಟ್ಟು 67,125. ಅದರಲ್ಲಿ ಎನ್‌ಪಿಎಸ್‌ಗೆ (ಹೊಸ ಪಿಂಚಣಿ ಯೋಜನೆ) 5,712 ಕಟ್, ಯಾಕೆಂದರೆ 2006ರ ಏಪ್ರಿಲ್ ನಂತರ ಸೇರಿದವರಿಗೆ ನಿಮ್ಮ ಹಾಗೆ ಪಿಂಚಣಿ ಇಲ್ಲ. ವೃತ್ತಿ ತೆರಿಗೆ 200, ಆರೋಗ್ಯ ಸಂಜೀವಿನಿ ಚಿಕಿತ್ಸಾ ಯೋಜನೆಗೆ 350, ಆಮೇಲೆ ಕೆಜಿಐಡಿ ವಿಮೆ ಕಂತು. ಕೈಗೆ 57 ಸಾವಿರದ ಆಸುಪಾಸು. ಮನೆ ಬಾಡಿಗೆ 19 ಸಾವಿರ, ಮಾಲೀಕರು ಪ್ರತಿ ವರ್ಷ ತಪ್ಪದೇ ಏರಿಸುತ್ತಾರೆ. ಮಕ್ಕಳಿಬ್ಬರ ಸ್ಕೂಲ್ ಫೀಸು ತಿಂಗಳಿಗೆ ಹಂಚಿದರೆ 13 ಸಾವಿರ ಚಿಲ್ಲರೆ. ಸೊಸೈಟಿ ಸಾಲ, ಅತ್ತೆಯ ಮಾತ್ರೆ, ಊರಿಗೆ ಕಳಿಸೋದು. ಉಳಿದದ್ದರಲ್ಲಿ ಅಡುಗೆಮನೆ.

ಚಿಕ್ಕಪ್ಪ: ಕರೆಂಟು ಫ್ರೀ, ಬಸ್ಸು ಫ್ರೀ ಇದೆಯಲ್ಲಮ್ಮ.

ಸುಮಾ: ಹೌದು ಮಾವ. ನಮ್ಮದು 200 ಯೂನಿಟ್ ದಾಟಲ್ಲ, ಬಿಲ್ಲು ಸೊನ್ನೆ ಬರುತ್ತೆ. ಬಸ್ಸಿನಲ್ಲಿ ನನಗೆ ಟಿಕೆಟ್ ಇಲ್ಲ, ಅವರಿಗೆ ಇದೆ, ಅದೂ 2025ರ ಜನವರಿಯಲ್ಲಿ ಶೇ 15 ಏರಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ. ದಿನಾ ಎರಡು ಲೀಟರ್ ಬೇಕು, ತಿಂಗಳಿಗೆ 240. ಇಂಥವು ಚಿಕ್ಕವು, ಹೇಗೋ ತೂಗಿಸುತ್ತೇನೆ. ತೂಗದೇ ಇರುವುದು ಬಾಡಿಗೆ ಒಂದೇ. ಶಿವಮೊಗ್ಗದಲ್ಲಿದ್ದಾಗ 8 ಸಾವಿರಕ್ಕೆ ಇದಕ್ಕಿಂತ ದೊಡ್ಡ ಮನೆ, ಹಿತ್ತಲಲ್ಲಿ ಕರಿಬೇವು. ಅಲ್ಲಿ ಬಾಡಿಗೆ ಭತ್ಯೆ ಶೇ 7.5, ಇಲ್ಲಿ 20. ಅಂದರೆ ಬೆಂಗಳೂರಿಗೆ ಹಾಕಿದ್ದಕ್ಕೆ ಸರ್ಕಾರ 6,250 ಜಾಸ್ತಿ ಕೊಡುತ್ತೆ, ಮನೆ ಮಾಲೀಕರು 11 ಸಾವಿರ ಜಾಸ್ತಿ ತಗೊಳ್ಳುತ್ತಾರೆ. ವರ್ಗಾವಣೆ ಅನ್ನೋದು ನಮಗೆ ತಿಂಗಳಿಗೆ 4,750 ಸಂಬಳ ಕಡಿತ.

ರಾಘು: ಕ್ವಾರ್ಟರ್ಸ್ ಇಲ್ವಾ ಅತ್ತಿಗೆ?

ಸುಮಾ: ಪಟ್ಟಿಯಲ್ಲಿ ಹೆಸರಿದೆ. ಸಿಕ್ಕಿದರೆ ಆ 10 ಸಾವಿರ ಭತ್ಯೆ ನಿಲ್ಲುತ್ತೆ, ನಿಲ್ಲಲಿ, ಬಾಡಿಗೆ 19 ಉಳಿಯುತ್ತಲ್ಲ. ಮುಂದಿನ ಆಯೋಗ ಪರ್ಸೆಂಟ್ ಏರಿಸೋದು ಇರಲಿ, ನಾಲ್ಕು ಬ್ಲಾಕ್ ಕ್ವಾರ್ಟರ್ಸ್ ಕಟ್ಟಿಸಿದರೆ ನಾನು ಕೈ ಮುಗಿಯುತ್ತೇನೆ.

ಚಿಕ್ಕಪ್ಪ: ಪ್ರೈವೇಟ್‌ನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್‌ಗೆ ಇದರ ಅರ್ಧವೂ ಸಿಗಲ್ಲ, ಅದನ್ನೂ ನೋಡಬೇಕಲ್ವಾ. ಅವನೂ ಅದೇ ಬೆಂಗಳೂರಲ್ಲೇ ಬದುಕೋದು.

ಮಂಜಣ್ಣ: ಒಪ್ಪಿದೆ ಚಿಕ್ಕಪ್ಪ. ಅವನ ಪಾಡು ನನಗಿಂತ ಕಷ್ಟ. ಅವನಿಗೆ ಜಾಸ್ತಿ ಕೊಡಿ ಅಂತ ಒಂದು ಫಾರ್ವರ್ಡ್ ಹಾಕಿ, ನಾನೂ ಹಂಚುತ್ತೇನೆ.

ರಾಘು: 😂

ಪ್ರೀತಿ: ಅತ್ತಿಗೆ, ಒಂದು ಕೇಳಲಾ? ವಾರ್ಡರ್ ಹುದ್ದೆಗೆ ಮುಂದೆ ಅರ್ಜಿ ಕರೆದರೆ ಹಾಕೋಣ ಅಂತಿದ್ದೇನೆ. ಹಾಕಲಾ ಬೇಡವಾ?

ಚಿಕ್ಕಪ್ಪ: ಪ್ರೀತಿ??

ಸುಮಾ: ಹಾಕು. ಓಡೋದು ಈಗಲೇ ಶುರು ಮಾಡು, ದೈಹಿಕ ಪರೀಕ್ಷೆಯಲ್ಲೇ ಜಾಸ್ತಿ ಜನ ಉದುರೋದು. ಹಾಸನಕ್ಕೋ ಶಿವಮೊಗ್ಗಕ್ಕೋ ಹಾಕಿದರೆ ರಾಣಿ ಹಾಗೆ ಇರುತ್ತೀಯ.

ಚಿಕ್ಕಪ್ಪ: ಹಾಗಾದರೆ ಸಂಬಳ ಚೆನ್ನಾಗಿದೆ ಅಂತಲೇ ಆಯಿತಲ್ಲಮ್ಮ!

ಸುಮಾ: ಹಾಸನದಲ್ಲಿ ಚೆನ್ನಾಗಿದೆ ಅಂದೆ ಮಾವ.

ಚಿಕ್ಕಪ್ಪ: ಪ್ರೀತಿ, ಮೊದಲು ಫೋನ್ ಎತ್ತು. ಎರಡು ಸಲ ರಿಂಗಾಯಿತು.